ಆರಡಿ ನೆಲಕ್ಕೆ ಅರ್ಹರಾರು?

ದೇಶಕ್ಕಾಗಿ ದುಡಿದು ಮಡಿದವನ ಋಣವನ್ನು ದೇಶವು ತೀರಿಸಬಲ್ಲ ಕೊನೆಯ ಬಗೆಯೆಂದರೆ ಆರಡಿ ನೆಲ. ಆ ನೆಲವನ್ನು ಯಾರಿಗೆ ಕೊಡಬೇಕು, ಯಾರಿಗೆ ಇಲ್ಲವೆನ್ನಬೇಕು ಎಂಬುದನ್ನು ಕಾಯಿದೆಯ ಪುಸ್ತಕವನ್ನು ಮುಂದಿಟ್ಟುಕೊಂಡು ತೀರ್ಮಾನಿಸಬೇಕಾದ ಪ್ರಸಂಗವು ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಿಗೆ ಒದಗಿದೆ. ದಹನಸಂಸ್ಕಾರವೇ ಬಹುಮಟ್ಟಿಗೆ ರೂಢಿಯಾಗಿರುವ ನಮ್ಮಲ್ಲಿ ಇದು ದೂರದ ಮಾತೆಂದು ಕೆಲವರಿಗೆ ತೋರಬಹುದು. ಆದರೆ ತುರುಗಳನ್ನು ಕಾಯ್ದು ಸತ್ತ ಬಡವನಿಗೂ ಊರ ಮುಂದೆ ವೀರಗಲ್ಲನ್ನು ನಿಲ್ಲಿಸಿದ ನಾಡಿನ ವಾಚಕರಿಗೆ, ಕಲ್ಲು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯ ತೂಕವನ್ನು ನಾವು ವಿವರಿಸಬೇಕಾದ್ದಿಲ್ಲ.

ವಾಷಿಂಗ್ಟನ್ ನಗರದೆದುರು, ಪೊಟೊಮ್ಯಾಕ್ ನದಿಯ ಆಚೆ ದಡದ ವರ್ಜೀನಿಯಾ ಸಂಸ್ಥಾನದಲ್ಲಿ ಆರ್ಲಿಂಗ್ಟನ್ ಎಂಬ ರಾಷ್ಟ್ರೀಯ ರುದ್ರಭೂಮಿಯಿದೆ. ಅದರ ವಿಸ್ತಾರ ಸುಮಾರು 639 ಎಕರೆ. ಅಲ್ಲಿ ಮಲಗಿರುವವರು ನಾಲ್ಕು ಲಕ್ಷಕ್ಕೂ ಮಿಕ್ಕಿ. ಈ ನೆಲವು ಮೊದಲು ಜಾರ್ಜ್ ವಾಷಿಂಗ್ಟನ್ನನ ಸಾಕುಮೊಮ್ಮಗನದಾಗಿದ್ದಿತು. ಗುಲಾಮರ ಬೆವರಿನಿಂದ ಎದ್ದ ಅಲ್ಲಿಯ ದೊಡ್ಡ ಮನೆಯೂ ತೋಟವೂ ಅವನ ಮಗಳ ಮೂಲಕ ಅವಳ ಪತಿ ರಾಬರ್ಟ್ ಲೀಯ ಕುಟುಂಬಕ್ಕೆ ಬಂದವು. 1861ರಲ್ಲಿ ಅಂತಃಕಲಹವು ಹೊತ್ತಿಕೊಂಡಾಗ ಲೀ ದಕ್ಷಿಣದ ಪಕ್ಷವನ್ನು ಸೇರಿದನು. ಉತ್ತರದ ದಂಡು ಅವನ ಮನೆಯನ್ನು ಹಿಡಿಯಿತು. 92 ಡಾಲರು 7 ಸೆಂಟುಗಳ ತೆರಿಗೆ ಬಾಕಿಯಿದೆಯೆಂದು, ಒಡತಿಯೇ ಖುದ್ದಾಗಿ ಬಂದು ಕಟ್ಟಲಿಲ್ಲವೆಂದು ನೆಪಮಾಡಿ, 1864ರ ಜನವರಿಯಲ್ಲಿ ಸರಕಾರವು ಅದನ್ನು ಹರಾಜಿನಲ್ಲಿ ತಾನೇ ಕೊಂಡಿತು. ಯಜಮಾನನ ಹೂದೋಟದ ಅಂಚಿನಲ್ಲೇ ಹೆಣಗಳನ್ನು ಹೂಳಿಸಿದರೆ ಅವನು ಇನ್ನೆಂದಿಗೂ ಅಲ್ಲಿ ಬಂದು ಬಾಳಲಾರನೆಂಬುದು ದಂಡಿನ ಸರಬರಾಜಿನ ಮುಖ್ಯಾಧಿಕಾರಿ ಮೀಗ್ಸನ ಲೆಕ್ಕಾಚಾರ. ಈ ಸ್ವಾಧೀನವು ನ್ಯಾಯವಲ್ಲವೆಂದು 1882ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವೇ ತೀರ್ಪಿತ್ತಿತು. ಮರುವರುಷ ಸರಕಾರವು ಒಂದೂವರೆ ಲಕ್ಷ ಡಾಲರು ತೆತ್ತು ನೆಲವನ್ನು ಕ್ರಮವಾಗಿ ಕೊಂಡುಕೊಂಡಿತು. ಇಂದಿನ ಪುಣ್ಯಭೂಮಿಯ ಹುಟ್ಟು ಹೀಗೆ ಹಗೆತನದಲ್ಲಿ ಆಯಿತೆಂಬುದು ನೆನಪಿನಲ್ಲಿರಲಿ.

ಅಲ್ಲಿ ಮೊದಲು ಮಣ್ಣಾದವನು ಯಾರು? ವಿಲಿಯಂ ಕ್ರಿಸ್ಟ್‌ಮನ್ ಎಂಬ ಪೆನ್ಸಿಲ್ವೇನಿಯಾದ ಒಬ್ಬ ಸಾಮಾನ್ಯ ಸಿಪಾಯಿ. ಆತನು 1864ರ ಮಾರ್ಚಿನಲ್ಲಿ ದಂಡಿಗೆ ಸೇರಿದನು. ಮೇ ತಿಂಗಳಿನಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ತೀರಿಕೊಂಡನು. ಆತನನ್ನು ಕೊಂದದ್ದು ಶತ್ರುವಿನ ಗುಂಡಲ್ಲ, ದಡಾರ. ರಣರಂಗವನ್ನು ಆತನು ಕಣ್ಣಿನಿಂದ ಕಂಡವನೂ ಅಲ್ಲ. ಆ ಕಾಲದಲ್ಲಿ ಆರ್ಲಿಂಗ್ಟನ್ನಿನಲ್ಲಿ ಹೂಳಿಸಿಕೊಳ್ಳುವುದು ಮರ್ಯಾದೆಯಾಗಿರಲಿಲ್ಲ. ಶವವನ್ನು ಊರಿಗೆ ಸಾಗಿಸಿಕೊಳ್ಳಲು ಶಕ್ತಿಯಿಲ್ಲದ ಬಡ ಕುಟುಂಬದವರ ಮಕ್ಕಳೇ ಅಲ್ಲಿ ಉಳಿದರು. ದೇಶದ ಸೇವೆಯಲ್ಲಿ ಸತ್ತವರಿಗಾಗಿ ರುದ್ರಭೂಮಿಗಳನ್ನು ಏರ್ಪಡಿಸಬೇಕೆಂದು 1862ರ ಕಾಯಿದೆಯು ವಿಧಿಸಿದಾಗ, ಎಲ್ಲಿ ಸತ್ತನು, ಹೇಗೆ ಸತ್ತನು, ಎದೆಯ ಮೇಲೆ ಪದಕವೆಷ್ಟು ಎಂಬ ವಿಚಾರಣೆ ಅದರಲ್ಲಿರಲಿಲ್ಲ.

ಇದೇ ರುದ್ರಭೂಮಿಯ 27ನೆಯ ವಿಭಾಗದಲ್ಲಿ ಮತ್ತೊಂದು ನೋಟವಿದೆ. ದಾಸ್ಯದಿಂದ ಬಿಡುಗಡೆ ಹೊಂದಿ ರಾಜಧಾನಿಯ ಸುತ್ತ ಬಂದು ನೆಲಸಿದ ಕರಿಯ ಜನರಲ್ಲಿ ಸುಮಾರು 3,800 ಮಂದಿಯನ್ನು 1864ರಿಂದ ಮೊದಲ್ಗೊಂಡು ನಾಲ್ಕು ವರುಷಗಳೊಳಗೆ ಅಲ್ಲಿ ಹೂಳಲಾಯಿತು. ಅವರ ಕಲ್ಲುಗಳ ಮೇಲೆ ಹೆಸರಿನೊಂದಿಗೆ ‘ನಾಗರಿಕ’ ಎಂಬ ಅರ್ಥದ ಒಂದೇ ಪದವನ್ನು ಕೆತ್ತಿದೆ. ಕರಿಯನು ಈ ದೇಶದ ನಾಗರಿಕನಾಗಲಾರನೆಂದು 1857ರಲ್ಲಿ ಶ್ರೇಷ್ಠ ನ್ಯಾಯಾಲಯವು ಹೇಳಿದ್ದಿತು. ಆಗುವನೆಂದು ರಾಜ್ಯಘಟನೆಯ ತಿದ್ದುಪಡಿಯು ಸಾರಿದ್ದು 1868ರಲ್ಲಿ. ಕಾಯಿದೆಯು ಕೊಡಲು ತಡಮಾಡಿದ ಹೆಸರನ್ನು ಕಲ್ಲು ಹೊತ್ತು ನಿಂತಿದೆ! ಆದರೇನು, ಸತ್ತ ಮೇಲೂ ವರ್ಣಭೇದವು ಅವರನ್ನು ಬಿಡಲಿಲ್ಲ. ಕರಿಯ ಸಿಪಾಯಿಗಳಿಗೆ ಬೇರೆ ಮೂಲೆ, ಬಿಳಿಯರಿಗೆ ಬೇರೆ ಇಳಿಜಾರು ಎಂಬ ಏರ್ಪಾಡು 1948ರಲ್ಲಿ ರಾಷ್ಟ್ರಾಧ್ಯಕ್ಷ ಟ್ರೂಮನ್ನರು ಸೇನೆಯೊಳಗಿನ ಭೇದವನ್ನು ತೆಗೆದುಹಾಕುವ ಆಜ್ಞೆ ಹೊರಡಿಸುವ ತನಕ ನಡೆದುಬಂದಿತು.

ಆ ಆಜ್ಞೆಯ ಬೆನ್ನಲ್ಲೇ ನಡೆದ ಎರಡು ಸಂಗತಿಗಳನ್ನು ಇಲ್ಲಿ ಹೇಳದಿರಲಾರೆವು. ಫೆಲಿಕ್ಸ್ ಲೊಂಗೋರಿಯಾ ಟೆಕ್ಸಸ್ ಸಂಸ್ಥಾನದ ಒಂದು ಸಣ್ಣ ಊರಿನವನು. ಮೆಕ್ಸಿಕೋ ಮೂಲದ ಕುಲ. 1945ರಲ್ಲಿ ಫಿಲಿಪೈನ್ಸಿನ ಲುಜಾನ್ ದ್ವೀಪದಲ್ಲಿ ಮಡಿದ ಆತನ ಅವಶೇಷಗಳು 1949ರಲ್ಲಿ ಊರಿಗೆ ಬಂದಾಗ, ಅಲ್ಲಿಯ ಶವಸಂಸ್ಕಾರದ ಮನೆಯವರು ತಮ್ಮ ಪ್ರಾರ್ಥನಾಗೃಹವನ್ನು ಬಿಟ್ಟುಕೊಡಲಿಲ್ಲ. ಬಿಳಿಯರಿಗೆ ಹಿಡಿಸದೆಂಬುದು ಕಾರಣ. ಹೆಕ್ಟರ್ ಗಾರ್ಸಿಯಾ ಎಂಬ ವೈದ್ಯರು ಊರೂರಿಗೆ ತಂತಿ ಕಳುಹಿಸಿ ಈ ಅನ್ಯಾಯವನ್ನು ಬಯಲಿಗೆಳೆದರು. ಆಗ ಸೆನೆಟ್ ಸಭೆಗೆ ಹೊಸದಾಗಿ ಆಯ್ಕೆಯಾಗಿದ್ದ ಲಿಂಡನ್ ಜಾನ್ಸನ್ನರು ಮುಂದೆ ಬಂದು ಆರ್ಲಿಂಗ್ಟನ್ನಿನಲ್ಲಿ ಸ್ಥಳ ದೊರಕಿಸಿಕೊಟ್ಟರು. ಫೆಬ್ರವರಿ 16ರಂದು ಆ ಸಿಪಾಯಿ ಅಲ್ಲಿ ಮಣ್ಣಾದನು. ಎರಡೇ ವರುಷಗಳ ತರುವಾಯ, ಕೊರಿಯಾ ಯುದ್ಧದಲ್ಲಿ ಮಡಿದ ಸಾರ್ಜೆಂಟ್ ಜಾನ್ ರೈಸನ ಶವವು ಅಯೋವಾ ಸಂಸ್ಥಾನದ ಸೂ ಸಿಟಿಗೆ ಬಂದಿತು. ಮಂತ್ರ ಮುಗಿದು ಪೆಟ್ಟಿಗೆಯನ್ನು ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಸ್ಮಶಾನದವರಿಗೆ ಆತನು ಅಮೇರಿಕೆಯ ಮೂಲನಿವಾಸಿಗಳ ಕುಲದವನೆಂದು ತಿಳಿಯಿತು, ಹೂಳಗೊಡಲಿಲ್ಲ. ಯಾರ ನೆಲವೆಲ್ಲವೂ ಒಂದು ಕಾಲಕ್ಕೆ ಆಗಿದ್ದಿತೋ ಅಂಥವನಿಗೆ ಆರಡಿ ಇಲ್ಲ! ಸುದ್ದಿಯನ್ನು ಕೇಳಿದ ಟ್ರೂಮನ್ನರು ಕೂಡಲೇ ಆರ್ಲಿಂಗ್ಟನ್ನಿನ ಬಾಗಿಲನ್ನು ತೆರೆಸಿದರು. 1951ರ ಸೆಪ್ಟೆಂಬರ್ 5ರಂದು ರೈಸನ ಸಂಸ್ಕಾರವು ಅಲ್ಲಿ ನೆರವೇರಿತು. ಊರು ಕೊಡದ ನೆಲವನ್ನು ರಾಷ್ಟ್ರವು ಕೊಟ್ಟಿತು. ಆರ್ಲಿಂಗ್ಟನ್ನಿನ ಹೆಸರಿಗೆ ಕೀರ್ತಿ ಬಂದಿದ್ದರೆ ಅದು ಇಂಥ ದಿನಗಳಲ್ಲಿ ಬಂದಿತೆಂದು ನಾವು ತಿಳಿದಿರುತ್ತೇವೆ.

ಇಕ್ಕಟ್ಟು ಪ್ರಾರಂಭವಾದದ್ದು 1963ರಿಂದ ಈಚೆಗೆ. ಆ ವರುಷದ ನವೆಂಬರ್ 25ರಂದು ರಾಷ್ಟ್ರಾಧ್ಯಕ್ಷ ಕೆನೆಡಿಯವರನ್ನು ಅಲ್ಲಿ ಸಮಾಧಿ ಮಾಡಿದ ತರುವಾಯ ಜನವೆಲ್ಲ ಅಲ್ಲಿಗೇ ನುಗ್ಗಿತು. ಪ್ರತಿಯೊಬ್ಬ ಮಾಜಿ ಸೈನಿಕನ ಮನೆಯವರೂ ಅಲ್ಲಿಯೇ ಜಾಗ ಬೇಡತೊಡಗಿದರು. 1967ರಲ್ಲಿ ಮೊದಲ ಬಾರಿಗೆ ಬಾಗಿಲನ್ನು ಕಿರಿದು ಮಾಡಿದರು. ಸೇವೆಯಲ್ಲಿರುವಾಗಲೇ ಸತ್ತವರು, ಪೂರ್ಣಾವಧಿ ದುಡಿದು ಪಿಂಚಣಿ ಪಡೆದವರು, ಉನ್ನತ ಪದಕಗಳನ್ನು ಪಡೆದವರು, ಸೇನೆಯಲ್ಲೂ ದುಡಿದು ಸರಕಾರದ ದೊಡ್ಡ ಅಧಿಕಾರವನ್ನೂ ವಹಿಸಿದವರು, ಇವರ ಪತ್ನಿ ಅಥವಾ ಪತಿ, ಚಿಕ್ಕ ಮಕ್ಕಳು—ಸ್ಥೂಲವಾಗಿ ಇದು ನಿಯಮ. ಉಳಿದ ಸೈನಿಕರಿಗಾಗಿ 1980ರಲ್ಲಿ ಭಸ್ಮದ ಕರಂಡಗಳನ್ನಿಡುವ ಗೂಡುಗೋಡೆಗಳನ್ನು ಕಟ್ಟಿಸಿದರು.

ನಿಯಮವಿದ್ದ ಮೇಲೆ ವಿನಾಯಿತಿಯೂ ಉಂಟು; ವಿನಾಯಿತಿಯಿದ್ದಲ್ಲಿ ಪ್ರಭಾವವೂ ಉಂಟು. ಸ್ವಿಟ್ಜರ್ಲೆಂಡಿನಲ್ಲಿ ಅಮೇರಿಕೆಯ ರಾಯಭಾರಿಯಾಗಿದ್ದ ಸಿರಿವಂತ ಲ್ಯಾರಿ ಲಾರೆನ್ಸ್ ಅವರು 1996ರಲ್ಲಿ ತೀರಿಕೊಂಡಾಗ ವಿಶೇಷ ಅಪ್ಪಣೆಯ ಮೇರೆಗೆ ಅವರನ್ನು ಆರ್ಲಿಂಗ್ಟನ್ನಿನಲ್ಲಿ ಹೂಳಿದರು. ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗೊಂದರಲ್ಲಿ ದುಡಿಯುತ್ತಿದ್ದಾಗ ತಾವು ಗಾಯಗೊಂಡುದಾಗಿ ಅವರು ಹೇಳಿಕೊಂಡಿದ್ದರು. ದಾಖಲೆಗಳನ್ನು ತೆರೆದರೆ ಅಂಥ ಸೇವೆಯ ಸುಳಿವೇ ಇರಲಿಲ್ಲ. 1997ರ ಡಿಸೆಂಬರಿನಲ್ಲಿ ಶವವನ್ನು ಅಗೆದು ತೆಗೆಯಬೇಕಾಯಿತು. ಅದೇ ವರುಷ ಇನ್ನೊಂದು ಕಾಯಿದೆಯೂ ಬಂದಿತು. ಒಕ್ಲಹೋಮ ನಗರದಲ್ಲಿ 168 ಮಂದಿಯನ್ನು ಬಾಂಬಿನಿಂದ ಕೊಂದ ಮ್ಯಾಕ್‌ವೇ ಹಿಂದೆ ಪದಕ ಪಡೆದ ಸಿಪಾಯಿಯಾಗಿದ್ದನು. ಅಂಥ ಘೋರಾಪರಾಧಿಗೆ ರಾಷ್ಟ್ರೀಯ ರುದ್ರಭೂಮಿಯು ಮುಚ್ಚಿರತಕ್ಕದ್ದೆಂದು ಶಾಸನಸಭೆಯು ವಿಧಿಸಿತು. ಇದಕ್ಕೆ ಆಕ್ಷೇಪಿಸುವವರು ವಿರಳ.

ಆದರೆ ಸುಳ್ಳು ಹೇಳದವರಿಗೂ, ಅಪರಾಧ ಮಾಡದವರಿಗೂ ಬಾಗಿಲು ಮುಚ್ಚಿದ ಬಗೆಯನ್ನು ನೋಡಿರಿ. ಅದೇ ಮಹಾಯುದ್ಧದ ಕಾಲದಲ್ಲಿ 1,074 ಮಂದಿ ಸ್ತ್ರೀಯರು ಅಮೇರಿಕೆಯ ಸೇನಾ ವಿಮಾನಗಳನ್ನು ಹಾರಿಸಿದರು. ಕಾರ್ಖಾನೆಯಿಂದ ನೆಲೆಗೆ ವಿಮಾನ ಸಾಗಿಸುವುದು, ಹೊಸ ಯಂತ್ರಗಳನ್ನು ಪರೀಕ್ಷಿಸುವುದು, ಗುಂಡಿನ ಗುರಿಯಭ್ಯಾಸಕ್ಕಾಗಿ ಬಟ್ಟೆಯ ಗುರಿಯನ್ನು ಬಾಲದಂತೆ ಎಳೆದುಕೊಂಡು ಹಾರುವುದು ಅವರ ಕೆಲಸ. ಅವರಲ್ಲಿ 38 ಮಂದಿ ಸತ್ತರು. ಕಾಗದದ ಮೇಲೆ ಅವರು ಸೈನಿಕರಲ್ಲ, ಬರಿಯ ನೌಕರರು. ಆದ್ದರಿಂದ ಸತ್ತವಳ ಶವವನ್ನು ಊರಿಗೆ ಕಳುಹಿಸಲು ಗೆಳತಿಯರೇ ಚಂದಾ ಎತ್ತಬೇಕಾಗುತ್ತಿತ್ತು. 1977ರಲ್ಲಿ ಕಾಯಿದೆಯು ಅವರನ್ನು ಮಾಜಿ ಸೈನಿಕರೆಂದು ಒಪ್ಪಿತು. 2002ರಲ್ಲಿ ಆರ್ಲಿಂಗ್ಟನ್ನಿನ ಗೂಡುಗೋಡೆ ಅವರಿಗೆ ತೆರೆಯಿತು. 2015ರಲ್ಲಿ, ಹಾಗೆ ತೆರೆಯಲು ತಮಗೆ ಅಧಿಕಾರವಿರಲಿಲ್ಲವೆಂದು ಸೇನಾ ಇಲಾಖೆಯವರು ಮರಳಿ ಮುಚ್ಚಿದರು. ಆ ವರುಷವೇ ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡ ವೈಮಾನಿಕೆ ಇಲೇನ್ ಹಾರ್ಮನ್ ಅವರ ಭಸ್ಮವನ್ನು ಮನೆಯವರು ಬಟ್ಟೆಯ ಕಪಾಟಿನಲ್ಲಿಟ್ಟುಕೊಂಡು ಕಾದರು. ಮಗಳೂ ಮೊಮ್ಮಗಳಂದಿರೂ ಊರಿಗೆಲ್ಲ ಸಾರಿ ಶಾಸನಸಭೆಯ ಬಾಗಿಲನ್ನು ತಟ್ಟಿದ ಮೇಲೆ 2016ರ ಮೇ ತಿಂಗಳಿನಲ್ಲಿ ಹೊಸ ಕಾಯಿದೆಯಾಯಿತು. ಸೆಪ್ಟೆಂಬರ್ 7ರಂದು ಆ ಕರಂಡವು ಆರ್ಲಿಂಗ್ಟನ್ನನ್ನು ಸೇರಿತು. ಒಂದು ಗೂಡು! ಒಂದು ಅಡಿಯಷ್ಟೂ ನೆಲವಲ್ಲ. ಅದಕ್ಕಾಗಿ ಒಂದು ಕಾಯಿದೆ!

ಈಗ ಮುಖ್ಯ ವಿಷಯಕ್ಕೆ ಬರೋಣ. ಅಮೇರಿಕೆಯಲ್ಲಿ ಬದುಕಿರುವ ಸೈನಿಕರೂ ಮಾಜಿ ಸೈನಿಕರೂ ಸೇರಿ ಎರಡು ಕೋಟಿಗೆ ಕಡಮೆಯಿಲ್ಲವೆಂದು ಈ ಚರ್ಚೆ ಎದ್ದಾಗ ಲೆಕ್ಕ ಹಾಕಿದರು. ಆರ್ಲಿಂಗ್ಟನ್ನಿನಲ್ಲಿ ಆಗ ಉಳಿದ ಜಾಗವು ಒಂದು ಲಕ್ಷಕ್ಕೂ ಕಡಮೆ. ದಕ್ಷಿಣದ ಕಡೆಗೆ ನೆಲವನ್ನು ವಿಸ್ತರಿಸುವ ಕೆಲಸವು 2021ರಲ್ಲಿ ಮೊದಲಾಯಿತಾದರೂ ಅದರಿಂದ ಕೆಲವು ದಶಕಗಳಷ್ಟೇ ದೂಡಬಹುದು. ಆದ್ದರಿಂದ ನಿಯಮವನ್ನು ಬಿಗಿಮಾಡಿ ರುದ್ರಭೂಮಿಯನ್ನು ಬಹುಕಾಲ ಉಳಿಸತಕ್ಕದ್ದೆಂದು ಶಾಸನಸಭೆಯು ಆಜ್ಞಾಪಿಸಿತು. ಸೇನಾ ಇಲಾಖೆಯವರು 2019ರಲ್ಲಿ ತಮ್ಮ ಯೋಜನೆಯನ್ನು ಪ್ರಕಟಿಸಿ, 2020ರಲ್ಲಿ ಅದರ ಕರಡನ್ನು ಜನಾಭಿಪ್ರಾಯಕ್ಕೆ ಬಿಟ್ಟರು. ಅದರ ಸಾರವಿಷ್ಟು: ಮಣ್ಣಿನಲ್ಲಿ ಜಾಗವು ಮುಖ್ಯವಾಗಿ ರಣದಲ್ಲಿ ಮಡಿದವರಿಗೆ, ರಣದಲ್ಲಿ ಗಾಯಗೊಂಡವರಿಗೆ, ಶತ್ರುವಿನ ಸೆರೆಯನ್ನು ಕಂಡವರಿಗೆ, ಬೆಳ್ಳಿ ನಕ್ಷತ್ರವೇ ಮೊದಲಾದ ಉನ್ನತ ಪದಕದವರಿಗೆ. ಇಪ್ಪತ್ತು ಮೂವತ್ತು ವರುಷ ದುಡಿದು ನಿವೃತ್ತನಾದವನು ಇನ್ನು ಗೂಡುಗೋಡೆಗೆ. ರಣವನ್ನು ಕಾಣದ ಅಲ್ಪಾವಧಿಯ ಸೈನಿಕನಿಗೆ ಅದೂ ಕಷ್ಟ. ಆದರೆ ರಾಷ್ಟ್ರಾಧ್ಯಕ್ಷರಿಗೂ, ಸೇನೆಯಲ್ಲಿದ್ದು ಮುಂದೆ ಸರಕಾರದ ಉನ್ನತ ಪೀಠಗಳನ್ನೇರಿದವರಿಗೂ ಜಾಗವನ್ನು ಕಾದಿರಿಸಿದೆ.

ನೆಲವು ಹಿಗ್ಗದೆಂಬುದು ಸರಿ. ಯಾರಿಗಾದರೂ ಇಲ್ಲವೆನ್ನಲೇಬೇಕೆಂಬುದೂ ಸರಿ. ಬೇರೆಡೆಗಳಲ್ಲಿ ನೂರೈವತ್ತಕ್ಕೂ ಹೆಚ್ಚು ರಾಷ್ಟ್ರೀಯ ರುದ್ರಭೂಮಿಗಳಿರುವುದರಿಂದ ಮಾಜಿ ಸೈನಿಕನು ದಿಕ್ಕಿಲ್ಲದವನಾಗನೆಂಬ ಅಧಿಕಾರಿಗಳ ಸಮಾಧಾನದಲ್ಲಿಯೂ ಹುರುಳಿದೆ. ಆದರೆ ಅಳೆಯುವ ಕೋಲು ನೆಟ್ಟಗಿರಬೇಡವೇ? ಪದಕವನ್ನು ಅಳತೆಗೋಲಾಗಿ ಹಿಡಿದವರು ಒಂದು ಸಂಗತಿಯನ್ನು ಮರೆತಂತಿದೆ. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಕರಿಯ ಸಿಪಾಯಿಗಳು ದುಡಿದರು. ಯುದ್ಧ ಮುಗಿದಾಗ ಅತ್ಯುನ್ನತ ಗೌರವಪದಕವು ಅವರಲ್ಲಿ ಒಬ್ಬನಿಗೂ ದೊರೆಯಲಿಲ್ಲ. ಅರ್ಧ ಶತಮಾನ ಕಳೆದು, 1997ರ ಜನವರಿಯಲ್ಲಿ, ತಪ್ಪನ್ನೊಪ್ಪಿ ಏಳು ಮಂದಿಗೆ ಕೊಟ್ಟರು. ಅವರಲ್ಲಿ ಜೀವದಿಂದಿದ್ದವರು ಒಬ್ಬರೇ. ಪದಕದ ಪಟ್ಟಿಯು ಇಷ್ಟು ವಕ್ರವಾಗಿರುವಾಗ, ಅದನ್ನೇ ನೆಚ್ಚಿದ ಸಮಾಧಿಯ ಪಟ್ಟಿಯು ನೇರವಾಗುವುದು ಹೇಗೆ? ರಣಸೇವೆಯ ಮಾತೂ ಹಾಗೆಯೇ. ನೆಲದ ಮೇಲಿನ ಕಾದಾಟದ ಹುದ್ದೆಗಳಿಗೆ ಸ್ತ್ರೀಯರನ್ನು ಸೇರಿಸಕೂಡದೆಂಬ ನಿಷೇಧವನ್ನು ತೆಗೆಯುವ ತೀರ್ಮಾನವಾದದ್ದು 2013ರಲ್ಲಿ. ರಣಕ್ಕೆ ಹೋಗಬೇಡವೆಂದು ತಡೆದವರೇ, ನೀನೇಕೆ ರಣವನ್ನು ಕಾಣಲಿಲ್ಲವೆಂದು ಸಮಾಧಿಯ ಹೊತ್ತಿನಲ್ಲಿ ಕೇಳುವುದೇ?

ಬಾಗಿಲನ್ನು ಕಿರಿದುಮಾಡಲೇಬೇಕಾದರೆ ಮೊದಲು ತೆಗೆಯತಕ್ಕದ್ದು ಪೀಠಗಳ ಹಕ್ಕನ್ನು ಎಂದು ನಮ್ಮ ಅಭಿಪ್ರಾಯ. ಮಂತ್ರಿಯಾಗಿದ್ದವನಿಗೆ, ನ್ಯಾಯಾಧೀಶನಾಗಿದ್ದವನಿಗೆ ದೇಶವು ಬೇರೆ ನೂರು ಬಗೆಯಿಂದ ಗೌರವ ತೋರಿಸಬಲ್ಲದು. ಸಿಪಾಯಿಗೆ ತೋರಿಸಬಲ್ಲುದು ಇದೊಂದೇ. ಆತನು ಕೇವಲ ಸಿಪಾಯಿಯೆಂಬ ನೆಲೆಯಲ್ಲಿ ಅರ್ಹನಾದರೆ ಬರಲಿ, ಇಲ್ಲವಾದರೆ ಬೇರೆಡೆ ಮಲಗಲಿ. ಎರಡನೆಯದಾಗಿ, ಸೇವೆಯಲ್ಲಿರುವಾಗ ಸತ್ತವನ ವಿಷಯದಲ್ಲಿ ಸಾವಿನ ಕಾರಣವನ್ನು ಕೆದಕಬಾರದು. ಕವಾಯತಿನ ಬಯಲಿನಲ್ಲಿ ಸತ್ತನೋ, ಹಡಗಿನ ಯಂತ್ರದ ಕೋಣೆಯಲ್ಲಿ ಸತ್ತನೋ, ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತನೋ, ತಾಯಿಯ ಕಣ್ಣೀರು ಒಂದೇ. ಪದಕದ ಅಳತೆಗೋಲನ್ನು ಇಲಾಖೆಯವರು ಹಿಡಿದೇ ತೀರುವುದಾದರೆ, ಅದನ್ನೊಮ್ಮೆ 27ನೆಯ ವಿಭಾಗಕ್ಕೆ ಒಯ್ದು, 1864ರ ಮೇ 13ರಂದು ಹೂಳಿದ ಆ ಮೊದಲ ಸಿಪಾಯಿಯ ಕಲ್ಲಿನ ಮೇಲೆ ಇಟ್ಟು ನೋಡಲಿ. ಆತನು ಒಂದು ಪದಕವನ್ನೂ ಪಡೆದವನಲ್ಲ.