ಓಡೋಡಿ ಹೋಗಿ ಪಾಳಿಗೆ ನಿಲ್ಲುವ ಹಡಗು

ಜತ್, ಅಕ್ಕಲಕೋಟೆ, ಸೊಲ್ಲಾಪುರ ಭಾಗದ ನಮ್ಮ ರೈತರಿಗೆ ಸಮುದ್ರವೆಂದರೆ ದೂರದ ಮಾತು. ಆದರೆ ಈ ಸೀಮೆಯ ದ್ರಾಕ್ಷಿ ಯುರೋಪಿಗೆ ಹೋಗುವುದು ಸಮುದ್ರದ ಮೇಲೆಯೇ. ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ತಂಪು ಕಂಟೇನರು ಹಡಗು ಏರಿತೆಂದರೆ, ಬಹಳಷ್ಟು ಮಾಲು ಇಳಿಯುವುದು ಹಾಲೆಂಡಿನ ರೋಟರ್‌ಡ್ಯಾಮಿನಲ್ಲಿ. ನಡುವೆ ಏನೇ ಹೆಚ್ಚುಕಡಿಮೆಯಾದರೂ ಅದರ ಬಿಸಿ ನಮ್ಮ ಹೊಲದ ಬದುವಿಗೆ ಮುಟ್ಟುತ್ತದೆ.

2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಯೆಮನಿನ ಹೂತಿಗಳು ಹಡಗುಗಳ ಮೇಲೆ ದಾಳಿ ಶುರುಮಾಡಿದಾಗ ಇದು ಎಲ್ಲರಿಗೂ ತಿಳಿಯಿತು. ದೊಡ್ಡ ಕಂಪನಿಗಳು ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋದವು. 2024ರ ಹಂಗಾಮಿನಲ್ಲಿ ದಿನವೂ ಹೆಚ್ಚು ಹಿಡಿಯಿತು, ಬಾಡಿಗೆಯೂ ಏರಿತು. ಯುದ್ಧ ನಮ್ಮ ಕೈಯಲ್ಲಿಲ್ಲ, ಬಿಡಿ. ಆದರೆ ಶಾಂತಿಕಾಲದಲ್ಲೂ ಹಡಗಿನ ವ್ಯವಹಾರದಲ್ಲಿ ಒಂದು ದಂಡದ ಖರ್ಚು ನಡೆದೇ ಇದೆ. ನಾನು ಹೇಳಹೊರಟದ್ದು ಅದನ್ನು.

ಎಷ್ಟೋ ಹಡಗುಗಳು ಅವಸರದಿಂದ ಓಡಿ ಬಂದರು ಮುಟ್ಟುತ್ತವೆ. ಅಲ್ಲಿ ಧಕ್ಕೆ ಖಾಲಿ ಇರುವುದಿಲ್ಲ. ಲಂಗರು ಹಾಕಿ ದಿನಗಟ್ಟಲೆ ನಿಲ್ಲುತ್ತವೆ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಂಗ. ಜತ್ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ನಾನು ಇದನ್ನು ಹೇಳಿದಾಗ ಅವರು ಕೇಳಿದರು: "ಹಂಗಾರ ಅಷ್ಟು ಅವಸರ ಯಾಕ್ರೀ? ಹೋಗಿ ನಿಲ್ಲೂದಕ್ಕಿಂತ ಸಾವಕಾಶ ಹೋಗಬಾರದೇನು?"

ಉತ್ತರ ಕರಾರಿನಲ್ಲಿದೆ. ಕಲ್ಲಿದ್ದಲು, ಕಾಳುಕಡಿ ಸಾಗಿಸುವ ಬಾಡಿಗೆ ಹಡಗುಗಳಿಗೆ 'ಆದಷ್ಟು ಬೇಗ ಹೋಗತಕ್ಕದ್ದು' ಎಂಬ ಷರತ್ತು ಹಳೆಯದು. ಬಂದರು ಮುಟ್ಟಿ 'ನಾವು ತಯಾರು' ಎಂದು ನೋಟೀಸು ಕೊಟ್ಟ ಮೇಲೆಯೇ ಕಾಲದ ಲೆಕ್ಕ ಶುರು. ಗಡುವು ಮೀರಿದರೆ ಹಡಗು ಬಾಡಿಗೆಗೆ ಹಿಡಿದವರು ಡೆಮರೇಜ್ ಕಟ್ಟಬೇಕು. ನಮ್ಮ ಲಾರಿಯವರ ಹಾಲ್ಟಿಂಗ್ ಇದ್ದಂತೆ. ಮೇಲೆ, ಮೊದಲು ಬಂದವರಿಗೆ ಮೊದಲ ಪಾಳಿ ಎಂಬ ರೂಢಿ ಬೇರೆ. ಸಾವಕಾಶ ಹೋದವನು ಪಾಳಿಯನ್ನೂ ಕಳಕೊಂಡ, ಹಾಲ್ಟಿಂಗನ್ನೂ ಕಳಕೊಂಡ.

ನೀರಿನ ಮೇಲೆ ವೇಗದ ಬೆಲೆ ಭಾರಿ. ವೇಗವನ್ನು ಶೇ. 10ರಷ್ಟು ತಗ್ಗಿಸಿದರೆ ಅದೇ ದೂರಕ್ಕೆ ಎಣ್ಣೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಉಳಿಯುತ್ತದೆ. ನಿಂತ ಹಡಗಾದರೂ ಸುಮ್ಮನಿರದು. ದೀಪ, ಪಂಪು, ತಂಪು ಕಂಟೇನರುಗಳಿಗೆ ಕರೆಂಟ್ ಬೇಕು, ಜನರೇಟರ್ ಹಗಲೂ ರಾತ್ರಿ ಓಡುತ್ತದೆ. ಅದರ ಹೊಗೆ ದಂಡೆಯ ಊರಿಗೆ.

ಆಸ್ಟ್ರೇಲಿಯಾದ ನ್ಯೂಕಾಸಲ್ ಬಂದರಿನ ಹೊರಗೆ 2007ರಲ್ಲಿ ಕಲ್ಲಿದ್ದಲಿಗಾಗಿ ಐವತ್ತಕ್ಕೂ ಹೆಚ್ಚು ಹಡಗು ಸಾಲಾಗಿ ನಿಂತಿದ್ದವು. ಆ ಜೂನ್ 8ರ ಬಿರುಗಾಳಿಗೆ ಅವುಗಳಲ್ಲೊಂದಾದ 'ಪಾಶಾ ಬಲ್ಕರ್' ದಂಡೆಗೆ ಬಂದು ಸಿಕ್ಕಿಕೊಂಡಿತು. 2021ರಲ್ಲಿ ಅಮೆರಿಕದ ಲಾಸ್ ಏಂಜಲೀಸ್, ಲಾಂಗ್ ಬೀಚ್ ಬಂದರುಗಳ ಮುಂದೆಯೂ ಕಂಟೇನರ್ ಹಡಗುಗಳ ಇಂಥದೇ ಸಾಲು. ಆ ವರ್ಷ ನವೆಂಬರಿನಲ್ಲಿ ಅಲ್ಲಿಯವರು ನಿಯಮ ಬದಲಿಸಿದರು: ಬಂದರು ಮುಟ್ಟಿದ ಮೇಲೆ ಅಲ್ಲ, ಹಿಂದಿನ ಬಂದರು ಬಿಟ್ಟಾಗಲೇ ಪಾಳಿ ನಂಬರು. ನಂಬರು ಕೈಯಲ್ಲಿದ್ದ ಮೇಲೆ ಓಡುವುದೇಕೆ? ಹಡಗುಗಳು ಶಾಂತಸಾಗರದಲ್ಲಿ ಸಾವಕಾಶ ಬರತೊಡಗಿದವು, ದಂಡೆಯ ಮುಂದಿನ ಗದ್ದಲ ಕರಗಿತು. ಮಾಲು ಇಳಿಸುವ ಕೆಲಸ ಇದರಿಂದ ಬೇಗವಾಗಲಿಲ್ಲ ಎಂಬುದೂ ನಿಜ. ಆದರೆ ಎಣ್ಣೆ, ಹೊಗೆ, ಅಪಾಯ ಮೂರೂ ಇಳಿದವು. ಅದಕ್ಕೆ ಹೊಸ ಕಟ್ಟಡ ಬೇಕಾಗಲಿಲ್ಲ.

ಈ ಲೆಕ್ಕ ಈಗ ನಮಗೂ ತಟ್ಟಿದೆ. 2024ರ ಜನವರಿಯಿಂದ ಯುರೋಪಿಗೆ ಬರುವ ದೊಡ್ಡ ಹಡಗುಗಳು ತಾವು ಬಿಡುವ ಇಂಗಾಲಕ್ಕೆ ಬೆಲೆ ತೆರಬೇಕು. ಹಡಗು ಕಂಪನಿಗಳು ಅದನ್ನು ಸರ್‌ಚಾರ್ಜ್ ಮಾಡಿ ಬಾಡಿಗೆಗೆ ಸೇರಿಸುತ್ತವೆ. ರಫ್ತುದಾರ ಅದನ್ನು ಖರೀದಿ ದರದಲ್ಲಿ ಕಳೆಯುತ್ತಾನೆ. ಕೊನೆಗೆ ತೂಕದ ಕಾಟಾದ ಮುಂದೆ ನಿಂತ ರೈತನ ಕಿಸೆಯೇ ಹಗುರ.

ಪಾಲಘರ್ ಜಿಲ್ಲೆಯ ವಾಢವಣದಲ್ಲಿ 76 ಸಾವಿರ ಕೋಟಿ ರೂಪಾಯಿಗೂ ಮೀರಿದ ಹೊಸ ಬಂದರಿಗೆ 2024ರ ಆಗಸ್ಟ್ 30ರಂದು ಶಂಕುಸ್ಥಾಪನೆಯಾಗಿದೆ. ಧಕ್ಕೆ ಹೆಚ್ಚಾಗಲಿ, ಬೇಡವೆನ್ನುವುದಿಲ್ಲ. ಆದರೆ ವೇಳೆ ಗೊತ್ತುಮಾಡಿ ಕರೆಯುವ ಶಿಸ್ತು ಇಲ್ಲದಿದ್ದರೆ ದೊಡ್ಡ ಬಂದರಿನ ಮುಂದೆ ದೊಡ್ಡ ಪಾಳಿ ನಿಲ್ಲುತ್ತದೆ, ಅಷ್ಟೆ. ಮುಂದಿನ ಹಂಗಾಮಿಗೆ ಮಾಲು ಬುಕ್ ಮಾಡುವ ನಮ್ಮ ವ್ಯಾಪಾರಸ್ಥರು ಏಜಂಟರನ್ನು ಎರಡು ಮಾತು ಕೇಳಲಿ: ಬಾಡಿಗೆಯಲ್ಲಿ ಎಣ್ಣೆಯ ಪಾಲೆಷ್ಟು, ಇಂಗಾಲದ ಪಾಲೆಷ್ಟು? ಈ ಹಡಗು ಹೋದ ಹಂಗಾಮಿನಲ್ಲಿ ಹೇಳಿದ ದಿನಕ್ಕೆ ಧಕ್ಕೆ ಹತ್ತಿದ್ದು ಎಷ್ಟು ಸಲ? ರೊಕ್ಕ ಕೊಡುವವರು ಕೇಳದೆ ಯಾರೂ ಲೆಕ್ಕ ಒಪ್ಪಿಸುವುದಿಲ್ಲರೀ.