ಗಲ್ಫಿನ ಹಣ ಯಾವ ದೇಶದ್ದು?

ಕಾಸರಗೋಡಿನ ಖಾಸಗಿ ಕಾಲೇಜೊಂದಕ್ಕೆ ಹೊಸ ಲ್ಯಾಬ್ ಬೇಕು ಅಂದುಕೊಳ್ಳಿ. ಹಳೆ ವಿದ್ಯಾರ್ಥಿ ಸಂಘದವರು ಮೊದಲು ಫೋನ್ ಹಚ್ಚುವುದು ದುಬೈಗೆ. ಅಲ್ಲಿ ವರ್ಷಗಟ್ಟಲೆ ದುಡಿದವರು ಉಳಿತಾಯದಿಂದ ಬ್ಯಾಂಕ್ ಮೂಲಕ ಐದು ಲಕ್ಷ ಕಳಿಸಿದರೆ, ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆಯೇ ಅಲ್ಲ. ಅವರದೇ ಸಹಪಾಠಿ ಅಮೆರಿಕದ ಪೌರತ್ವ ಪಡೆದಿದ್ದರೆ, ರಜೆಗೆ ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟ ಐದು ಸಾವಿರವೂ ವಿದೇಶಿ ದೇಣಿಗೆ. ವಿದೇಶಿ ದೇಣಿಗೆಯ ಕಾಯ್ದೆ ನೋಡುವುದು ಪಾಸ್‌ಪೋರ್ಟನ್ನು. ಗಲ್ಫ್ ದೇಶಗಳು ಹೊರಗಿನವರಿಗೆ ಪೌರತ್ವ ಕೊಡುವುದು ತೀರಾ ಅಪರೂಪ. ಹಾಗಾಗಿ ಕಡಲಾಚೆಯಿಂದ ಈ ಜಿಲ್ಲೆಗೆ ಬರುವ ಹಣಕ್ಕೆಲ್ಲ ವಿದೇಶಿ ಹಣೆಪಟ್ಟಿ ಬೀಳುವುದಿಲ್ಲ.

ಈ ಕಾಯ್ದೆಯ ಹಿಂದೆ ಇದ್ದದ್ದು ಗಲ್ಫಿನ ಚಿಂತೆಯಲ್ಲ, ಶೀತಲ ಸಮರದ ಗುಮಾನಿ. ಏಷ್ಯಾದ ವಿಶ್ವವಿದ್ಯಾಲಯಗಳಿಗೆ ಪುಸ್ತಕ, ಅನುದಾನ ಹಂಚುತ್ತಿದ್ದ ಏಷ್ಯಾ ಫೌಂಡೇಷನ್ನಿಗೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಹಣ ಸಿಕ್ಕಿದೆಯೆಂದು 1967ರಲ್ಲಿ ಬಯಲಾಯಿತು. ಮರುವರ್ಷ ಭಾರತ ಅದರ ಬಾಗಿಲು ಮುಚ್ಚಿಸಿತು. ಚುನಾವಣೆಗೂ ಹೊರಗಿನ ದುಡ್ಡು ಹರಿದಿದೆ ಎಂಬ ಗದ್ದಲ ಸಂಸತ್ತಿನಲ್ಲಿ ಎದ್ದಿತ್ತು. ಆದರೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಬಂದದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ. 2010ರಲ್ಲಿ ಅದನ್ನು ಹೊಸದಾಗಿ ಬರೆದರು. 2020ರ ತಿದ್ದುಪಡಿ ಇನ್ನೂ ಬಿಗಿ: ಕಾಸರಗೋಡು ಜಿಲ್ಲೆಯ ಉಪ್ಪಳದ ಸಂಸ್ಥೆಯಾದರೂ ವಿದೇಶಿ ದೇಣಿಗೆ ಮೊದಲು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಪಡೆದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು.

ಇದೇ ಜಿಲ್ಲೆಯ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ದಾರಿಯೇ ಬೇರೆ. ಸಂಸತ್ತಿನ 2009ರ ಕಾಯ್ದೆಯಿಂದ ಹುಟ್ಟಿದ ಅದರ ಲೆಕ್ಕ ತಪಾಸಣೆ ಮಹಾಲೇಖಪಾಲರದು, ಅಂದರೆ ಸಿಎಜಿಯದು; ವರದಿ ಸಂಸತ್ತಿನ ಮುಂದೆ ಹೋಗುತ್ತದೆ. ಹೀಗೆ ಕಾನೂನಿನಿಂದ ಸ್ಥಾಪನೆಯಾಗಿ ಸಿಎಜಿ ತಪಾಸಣೆಗೆ ಕಡ್ಡಾಯವಾಗಿ ಒಳಪಡುವ ಸಂಸ್ಥೆಗಳಿಗೆ ಎಫ್‌ಸಿಆರ್‌ಎಯಿಂದ ವಿನಾಯಿತಿ ಇದೆ. ಟ್ರಸ್ಟ್ ನಡೆಸುವ ಪಕ್ಕದ ಕಾಲೇಜಿಗೆ ಆ ಭಾಗ್ಯವಿಲ್ಲ.

ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳಿಗೆ ಬರುವ ವಿದೇಶಿ ಹಣದ ಪ್ರಶ್ನೆ ಎದ್ದದ್ದು ಅರಬರ ಹಣದಿಂದಲೇ. ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಲಿಬಿಯಾದ ದೇಣಿಗೆಯನ್ನು 1981ರಲ್ಲಿ ಹಿಂತಿರುಗಿಸಿತು. 1986ರಲ್ಲಿ ಬಂದ ನಿಯಮದ ಪ್ರಕಾರ ಒಂದೇ ವಿದೇಶಿ ಮೂಲದಿಂದ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಅಥವಾ ಹೆಚ್ಚು ಪಡೆದ ವಿಶ್ವವಿದ್ಯಾಲಯ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ಆ ವರದಿ ಸಾರ್ವಜನಿಕ ದಾಖಲೆ. ಮೂರು ದಶಕ ಅದನ್ನು ಬಹುತೇಕ ಯಾರೂ ಕೇಳಲಿಲ್ಲ ಎನ್ನುವುದು ಬೇರೆ ಮಾತು. 2019ರ ನಂತರವೇ ಹಾರ್ವರ್ಡ್, ಯೇಲ್‌ನಂಥವುಗಳ ಬಾಗಿಲಿಗೆ ತನಿಖೆ ಬಂದದ್ದು.

ನಮ್ಮ ಕಾಯ್ದೆ ಮಾತ್ರ ಸರ್ಕಾರದ ಸಂಶಯಕ್ಕೆ ಉತ್ತರ ಕೊಡುವುದರಲ್ಲೇ ಬೆಳೆದಿದೆ; ಮಕ್ಕಳನ್ನು ಕಾಲೇಜಿಗೆ ಸೇರಿಸುವ ಅಪ್ಪ ಅಮ್ಮ ಅದರ ಕಣ್ಣಿಗೆ ಬಿದ್ದಂತಿಲ್ಲ. ಮೂರು ತಿಂಗಳಿಗೊಮ್ಮೆ ದೇಣಿಗೆಯ ವಿವರ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವನ್ನು 2022ರ ಜುಲೈಯಲ್ಲಿ ಕೈಬಿಡಲಾಯಿತು. ಸಂಸ್ಥೆಗಳ ವಾರ್ಷಿಕ ಲೆಕ್ಕಪತ್ರಗಳನ್ನು ಗೃಹ ಸಚಿವಾಲಯ ತನ್ನ ಜಾಲತಾಣದಿಂದಲೂ ತೆಗೆಯಿತು. ಉಳಿದಿರುವುದು ಆರ್ಥಿಕ ವರ್ಷ ಮುಗಿದು ಒಂಬತ್ತು ತಿಂಗಳೊಳಗೆ ಸಂಸ್ಥೆಯೇ ಪ್ರಕಟಿಸಬೇಕಾದ ವಾರ್ಷಿಕ ಲೆಕ್ಕ. ಈ ಏಪ್ರಿಲ್‌ನಲ್ಲಿ ಬಂದ ದೇಣಿಗೆಯ ಸುದ್ದಿ ಊರಿಗೆ ತಿಳಿಯಲು ಮುಂದಿನ ವರ್ಷದ ಡಿಸೆಂಬರ್ ಆದರೂ ಆದೀತು.