ದಾರಿಯಲ್ಲಿ ಬಿದ್ದವರು, ಸುತ್ತ ನಿಂತವರು

ಬಿನ್ನಿಪೇಟೆ ಎಂದೊಡನೆ ಬೆಂಗಳೂರಿನ ಹಳಬರಿಗೆ ನೆನಪಾಗುವುದು ಗಿರಣಿಯ ಕೂಗು. 1884ರಲ್ಲಿ ಸ್ಥಾಪಿತವಾಗಿ, ಎರಡು ವರ್ಷಗಳ ತರುವಾಯ ಮದರಾಸಿನ ಬಿನ್ನಿ ಕಂಪೆನಿಯ ಕೈಸೇರಿದ ಬಟ್ಟೆಯ ಗಿರಣಿಯಿಂದಲೇ ಈ ಪೇಟೆಗೆ ಹೆಸರು ಬಂದಿತು. ಕೂಗು ಎದ್ದಿತೆಂದರೆ ಕೆಲಸಗಾರರು ಪಾಳಿಗೆ ಹೊರಡುವರು. ಗಡಿಯಾರವಿಲ್ಲದ ಮನೆಗಳಿಗೂ ಹೊತ್ತು ತಿಳಿಯುವುದು. ಆ ಗಿರಣಿ ಈಗಿಲ್ಲ. ಅದರ ನೆಲದ ಮೇಲೆ ಬಹುಮಹಡಿಯ ಮನೆಗಳೆದ್ದಿವೆ. ಈಗ ಈ ರಸ್ತೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಕೂಗು ಆಂಬುಲೆನ್ಸು ಗಾಡಿಯದು. ಗಿರಣಿಯ ಕೂಗು ಕೇಳಿದಾಗ ಏನು ಮಾಡಬೇಕೆಂಬುದು ಪೇಟೆಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಈ ಹೊಸ ಕೂಗು ಬರುವುದಕ್ಕೆ ಮೊದಲು, ಅದು ಬಂದು ನಿಂತ ಮೇಲೆ, ದಾರಿಯಲ್ಲಿ ನಿಂತಿರುವ ನಾವು ಮಾಡಬೇಕಾದುದೇನೆಂಬುದು ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈಚೆಗೆ ಒಂದು ಸಂಜೆ ಬಿನ್ನಿಮಿಲ್ ರಸ್ತೆಯ ಬದಿಯಲ್ಲಿ ಐವತ್ತರ ಆಸುಪಾಸಿನ ಒಬ್ಬರು ಕುಸಿದು ಬಿದ್ದುದನ್ನು ಕಂಡೆನು. ಕ್ಷಣದಲ್ಲಿ ಜನ ಕೂಡಿತು. "ಕುಡಿದು ಬಿದ್ದವ್ನೆ, ಬಿಡ್ರೀ" ಎಂದರು ಒಬ್ಬರು. "ಮೂರ್ಛೆರೋಗ ಇರ್ಬೇಕು, ಕೈಗೆ ಕಬ್ಬಿಣ ಕೊಡಿ" ಎಂದು ಮತ್ತೊಬ್ಬರು ಬೀಗದ ಕೈಯನ್ನು ಮುಷ್ಟಿಯೊಳಗೆ ತುರುಕಿದರು. ಒಬ್ಬರು ಬಾಯಿಗೆ ನೀರು ಹುಯ್ಯಲು ಹೊರಟರು. "ಮುಟ್ಬೇಡಿ, ಪೋಲೀಸ್ ಕೇಸಾಗುತ್ತೆ" ಎಂಬ ಎಚ್ಚರಿಕೆಯೂ ಕೇಳಿಸಿತು. ಇಷ್ಟರಲ್ಲಿ ಒಬ್ಬ ತರುಣ 108ಕ್ಕೆ ಫೋನು ಮಾಡಿದ್ದನು. ಗಾಡಿ ಬಂದಿತು. ಇಳಿದ ಯುವಕ ಬಿದ್ದವರನ್ನು ಎತ್ತಲಿಲ್ಲ. ಪಕ್ಕದಲ್ಲಿ ಮೊಣಕಾಲೂರಿ ಕುಳಿತನು. ಕರೆದು ನೋಡಿದನು, ಉಸಿರು ನೋಡಿದನು, ನಾಡಿ ಹಿಡಿದನು. ಜನಕ್ಕೆ ಸಿಟ್ಟು ಬಂದಿತು. "ಇಲ್ಲೇ ಕೂತ್ಕೊಂಡು ಏನ್ರೀ ಮಾಡ್ತಿದ್ದೀರಿ? ಬೇಗ ಆಸ್ಪತ್ರೆಗೆ ತಗೊಂಡ್ ಹೋಗ್ರಿ!"

ಅವನು ಕೇಳಿದ್ದು ಒಂದೇ ಮಾತು: "ಇವರು ಬಿದ್ದಿದ್ದನ್ನ ಯಾರು ನೋಡಿದ್ರಿ?"

ಅಷ್ಟು ಜನರಲ್ಲಿ ಉತ್ತರ ಕೊಟ್ಟವರು ಹೂ ಮಾರುವ ಒಬ್ಬ ಹೆಂಗಸು ಮಾತ್ರ. "ಕುಡಿದಿಲ್ಲ ಸಾರ್. ಬೀಳೋಕೆ ಮುಂಚೆ ನನ್ ಹತ್ರ ಬಂದು ಏನೋ ಕೇಳಿದ್ರು, ಮಾತು ತೊದಲ್ತಿತ್ತು. ಕೈ ನಡುಗ್ತಿತ್ತು, ಮೈಯೆಲ್ಲ ಬೆವರು. ಆಮೇಲೆ ಹಂಗೇ ಕುಸಿದ್ರು. ತಲೆ ನೆಲಕ್ಕೆ ತಾಗಲಿಲ್ಲ." ಯುವಕನು ರೋಗಿಯ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪುಟ್ಟ ಯಂತ್ರದಲ್ಲಿಟ್ಟು ನೋಡಿದನು. ಸಕ್ಕರೆ ಬಹಳ ಇಳಿದಿತ್ತು. ಫೋನಿನಲ್ಲಿ ವೈದ್ಯರೊಡನೆ ಮಾತಾಡಿ ರಕ್ತನಾಳದ ಮೂಲಕ ಗ್ಲೂಕೋಸು ಕೊಟ್ಟನು. ಕೆಲವು ನಿಮಿಷಗಳಲ್ಲಿ ಆ ಮನುಷ್ಯರು ಕಣ್ಣು ತೆರೆದು, ತಾವು ಎಲ್ಲಿದ್ದೇವೆಂದು ಕೇಳಿದರು. ಆಮೇಲೆ ಅವರನ್ನು ಗಾಡಿಗೆ ಹತ್ತಿಸಿದರು.

ಈಗ ವಿಷಯವನ್ನು ಬಿಡಿಸಿ ನೋಡೋಣ. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟಿರುವ ಮಿದುಳು, ದೇಹ ಬಳಸುವ ಪ್ರಾಣವಾಯುವಿನಲ್ಲಿ ನೂರಕ್ಕೆ 20ರಷ್ಟನ್ನು ತಾನೇ ಬಳಸುತ್ತದೆ. ಅದರ ಮುಖ್ಯ ಆಹಾರ ರಕ್ತದಲ್ಲಿರುವ ಸಕ್ಕರೆ. ಕೂಡಿಟ್ಟುಕೊಂಡು ಉಣ್ಣುವ ಸ್ವಭಾವ ಮಿದುಳಿಗಿಲ್ಲ. ಬಂದುದನ್ನು ಬಂದಂತೆ ಬಳಸುತ್ತದೆ. ಆದುದರಿಂದ ರಕ್ತ, ಉಸಿರು, ಸಕ್ಕರೆ ಇವುಗಳಲ್ಲಿ ಯಾವುದೊಂದು ತಪ್ಪಿದರೂ ಮೊದಲು ಕೆಡುವುದು ಎಚ್ಚರ. ಸಿಹಿಮೂತ್ರದ ಕಾಯಿಲೆಗೆ ಔಷಧ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದವರಲ್ಲಿ 100 ಮಿಲಿಲೀಟರು ರಕ್ತಕ್ಕೆ 70 ಮಿಲಿಗ್ರಾಮಿಗಿಂತ ಕೆಳಗೆ ಸಕ್ಕರೆ ಇಳಿಯಬಹುದು. ಬೆವರು, ನಡುಕ, ತೊದಲು, ತೂರಾಟ ಇವು ಅದರ ಲಕ್ಷಣಗಳು. ಕುಡಿದವನ ಲಕ್ಷಣಗಳೂ ಬಹುಮಟ್ಟಿಗೆ ಇವೇ. "ಕುಡಿದವ್ನೆ ಬಿಡ್ರೀ" ಎಂಬ ಒಂದು ಮಾತು ಇಂಥ ರೋಗಿಯ ಪ್ರಾಣಕ್ಕೆ ಸಂಚಕಾರ ತರಬಲ್ಲದು. ಎಚ್ಚರವಿದ್ದು ನುಂಗಬಲ್ಲವರಿಗಾದರೆ ಒಂದು ಲೋಟ ಸಕ್ಕರೆ ನೀರು ಸಾಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರಾಗಲಿ ಸಕ್ಕರೆಯಾಗಲಿ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ.

ಹಾಗಾದರೆ ಗಾಡಿಯವರು ನೆಲದ ಮೇಲೆಯೇ ಏಕೆ ಚಿಕಿತ್ಸೆ ತೊಡಗುತ್ತಾರೆ? ಉತ್ತರ ಆಂಬುಲೆನ್ಸು ಎಂಬ ಶಬ್ದದಲ್ಲಿಯೇ ಇದೆ. ಲ್ಯಾಟಿನ್ ಭಾಷೆಯಲ್ಲಿ ನಡೆ ಎಂಬರ್ಥದ ಧಾತುವಿನಿಂದ ಹುಟ್ಟಿದ ಮಾತು ಇದು. ಫ್ರೆಂಚರು ರಣರಂಗದ ಬಳಿಗೆ ಸಾಗುವ ಚಿಕಿತ್ಸಾಲಯವನ್ನು 'ನಡೆಯುವ ಆಸ್ಪತ್ರೆ' ಎಂದು ಕರೆದರು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆ ಎಂಬಾತನು 1790ರ ದಶಕದಲ್ಲಿ ಗಾಯಾಳುಗಳಿಗಾಗಿ ಹಗುರವಾದ ಕುದುರೆಗಾಡಿಗಳನ್ನು ಓಡಿಸಿದನು. 1966ರಲ್ಲಿ ಬೆಲ್‌ಫಾಸ್ಟ್ ನಗರದ ಹೃದಯತಜ್ಞ ಪ್ಯಾಂಟ್ರಿಡ್ಜ್ ಎಂಬುವರು ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಡುವ ಯಂತ್ರವನ್ನು ಗಾಡಿಯಲ್ಲಿಯೇ ಹೊತ್ತೊಯ್ಯುವ ಏರ್ಪಾಡು ಮಾಡಿದರು. ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದಷ್ಟೇ ಅಲ್ಲ, ಆಸ್ಪತ್ರೆಯನ್ನು ರೋಗಿಯ ಬಳಿಗೆ ಒಯ್ಯುವುದು ಎಂಬ ತತ್ತ್ವ ಹೀಗೆ ನೆಲೆಗೊಂಡಿತು.

ಕರ್ನಾಟಕದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನ 108 ಸೇವೆ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಆರಂಭವಾಯಿತು. ಗಾಡಿಯಲ್ಲಿ ಇಬ್ಬರಿರುತ್ತಾರೆ: ಚಾಲಕ, ತುರ್ತು ಚಿಕಿತ್ಸೆಯಲ್ಲಿ ತರಬೇತಾದ ತಂತ್ರಜ್ಞ. ಚಾಲಕನನ್ನು ಆ ಸೇವೆಯವರು 'ಪೈಲಟ್' ಎನ್ನುತ್ತಾರೆ. ಇಕ್ಕಟ್ಟಿನ ರಸ್ತೆಗಳಲ್ಲಿ ಗಾಡಿ ತಲಪುವುದು ತಡವಾಗುವುದೆಂದು 2015ರಲ್ಲಿ 30 ಬೈಕ್ ಆಂಬುಲೆನ್ಸುಗಳನ್ನೂ ರಾಜ್ಯದಲ್ಲಿ ಇಳಿಸಲಾಯಿತು. ಬೈಕಿನ ಮೇಲೆ ರೋಗಿಯನ್ನು ಒಯ್ಯಲಾಗದು, ಚಿಕಿತ್ಸೆಯನ್ನು ಒಯ್ಯಬಹುದು. ನೆಲದ ಮೇಲೆ ಕಳೆಯುವ ಕೆಲವು ನಿಮಿಷಗಳು ವ್ಯರ್ಥವಲ್ಲವೆಂಬುದಕ್ಕೆ ಇದೇ ನಿದರ್ಶನ. ಕತ್ತಿಗೆ ಪೆಟ್ಟಾಗಿರಬಹುದಾದವರನ್ನು ನಾಲ್ಕು ಜನ ಸೇರಿ ಎತ್ತಿ ಆಟೋದೊಳಗೆ ಮಡಿಸಿ ಕೂರಿಸಿದರೆ ಬೆನ್ನುಹುರಿಗೆ ಶಾಶ್ವತವಾದ ಹಾನಿಯಾಗಬಹುದು. ಅದಕ್ಕೇ ಗಾಡಿಯವರು ಮೊದಲು ಕತ್ತಿಗೆ ಪಟ್ಟಿ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ಆಮೇಲೆ ಎತ್ತುತ್ತಾರೆ.

ಆದರೆ ಗಾಡಿಗೆ ಕಾಯಲಾಗದ ಸಂದರ್ಭವೊಂದಿದೆ. ಅದೇ ಹೃದಯಸ್ತಂಭನ. ಹೃದಯಾಘಾತ, ಹೃದಯಸ್ತಂಭನ ಇವೆರಡನ್ನೂ ಪತ್ರಿಕೆಗಳು ಒಂದೇ ಎಂಬಂತೆ ಬರೆಯುವುದುಂಟು. ಒಂದೇ ಅಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಆಘಾತ. ಆಗ ರೋಗಿಗೆ ಎದೆನೋವು, ಬೆವರು ಇದ್ದರೂ ಎಚ್ಚರವಿರಬಹುದು. ಹೃದಯದ ಬಡಿತವೇ ನಿಂತುಹೋಗುವುದು ಸ್ತಂಭನ. ಆಗ ಮನುಷ್ಯ ಕರೆದರೆ ಓಗೊಡನು, ಸರಿಯಾಗಿ ಉಸಿರಾಡನು. ಮೀನು ದಡದಲ್ಲಿ ಬಾಯಿ ಬಿಡುವಂತೆ ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆಯಬಹುದು; ಅದನ್ನು ಉಸಿರಾಟವೆಂದು ಭ್ರಮಿಸಬಾರದು. ರಕ್ತ ನಿಂತ ನಾಲ್ಕಾರು ನಿಮಿಷಗಳಲ್ಲಿ ಮಿದುಳು ಕೆಡತೊಡಗುತ್ತದೆ. ಎಷ್ಟೇ ವೇಗವಾಗಿ ಬಂದರೂ ಗಾಡಿ ಅಷ್ಟರೊಳಗೆ ತಲಪುವುದು ಕಷ್ಟ.

ಇದಕ್ಕೆ ಪರಿಹಾರವನ್ನು 1960ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಪ್ರಕಟಿಸಿದರು. ಎದೆಯನ್ನು ಕೊಯ್ಯದೆ, ಹೊರಗಿನಿಂದ ಅಂಗೈಗಳಿಂದ ಒತ್ತಿಯೇ ರಕ್ತವನ್ನು ಓಡಿಸಬಹುದೆಂದು ಅವರು ತೋರಿಸಿಕೊಟ್ಟರು. ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘವು 2017ರಲ್ಲಿ ಸಾಮಾನ್ಯ ಜನರಿಗಾಗಿ ಇದನ್ನು ಇನ್ನೂ ಸರಳಗೊಳಿಸಿತು: ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕಾಗಿಲ್ಲ, ಎದೆ ಒತ್ತಿದರೆ ಸಾಕು. ಕ್ರಮ ಹೀಗಿದೆ. ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವಣ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈಯಿಡಿ. ಮೊಣಕೈ ಮಡಿಸದೆ 5ರಿಂದ 6 ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ಪ್ರತಿಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ದಣಿದರೆ ಇನ್ನೊಬ್ಬರಿಗೆ ವಹಿಸಿ. ಗಾಡಿಯವರು ಬಂದು ತಾವು ಕೈಗೆತ್ತಿಕೊಳ್ಳುವ ತನಕ ನಿಲ್ಲಿಸಬೇಡಿ.

ಮೂರ್ಛೆರೋಗ ಬೇರೆ. ಅಲ್ಲಿ ಮೈ ಸೆಟೆದು ಕೈಕಾಲು ಬಡಿಯುತ್ತದೆ. ಕಬ್ಬಿಣ, ಈರುಳ್ಳಿ, ಚಪ್ಪಲಿ ಯಾವುದರಿಂದಲೂ ಅದು ನಿಲ್ಲದು. ಬಹುತೇಕ ತಾನಾಗಿಯೇ ನಿಲ್ಲುತ್ತದೆ. ಅದು ನಿಂತ ಹೊತ್ತಿಗೆ ಕೈಯಲ್ಲಿ ಬೀಗದ ಕೈ ಇದ್ದುದರಿಂದ ಅದಕ್ಕೆ ಕೀರ್ತಿ ಬಂದಿದೆ, ಅಷ್ಟೆ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ, ಹಲ್ಲುಗಳ ನಡುವೆ ಏನನ್ನೂ ತುರುಕಬೇಡಿ; ತಲೆಗೆ ಪೆಟ್ಟಾಗದಂತೆ ಮೆತ್ತನೆಯದೇನಾದರೂ ಇಟ್ಟು, ಸೆಳೆತ ನಿಂತ ಮೇಲೆ ಮಗ್ಗುಲಾಗಿ ಮಲಗಿಸಿ. ಐದು ನಿಮಿಷ ಮೀರಿದರೆ ಅಪಾಯ. ಆದುದರಿಂದ ಗಡಿಯಾರ ನೋಡುವುದನ್ನು ಮರೆಯಬೇಡಿ. ಲಕ್ವ ಹೊಡೆದಾಗಲೂ ಗಡಿಯಾರವೇ ಮುಖ್ಯ. ಬಾಯಿ ಸೊಟ್ಟಗಾದುದು, ಒಂದು ಕೈ ಏಳದೆ ಹೋದುದು, ಮಾತು ತೊದಲಿದುದು ಕಂಡರೆ, ಆ ಮನುಷ್ಯ ಕೊನೆಯ ಸಲ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಗುರುತಿಟ್ಟುಕೊಳ್ಳಿ. ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ವೇಳೆ ತಿಳಿಯದಿದ್ದರೆ ಕೊಡಲು ವೈದ್ಯರು ಹಿಂಜರಿಯಬೇಕಾಗುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಗಾಡಿಯವರ ಯಂತ್ರಗಳು ಸಕ್ಕರೆ, ರಕ್ತದ ಒತ್ತಡ, ನಾಡಿಯ ಗತಿ ಎಲ್ಲವನ್ನೂ ಹೇಳುತ್ತವೆ. ಆದರೆ ಅವೆಲ್ಲ ಗಾಡಿ ಬಂದ ಮೇಲಿನ ಸಂಗತಿಗಳು. ಅದಕ್ಕೆ ಮೊದಲು ಏನಾಯಿತೆಂಬುದನ್ನು ಯಾವ ಯಂತ್ರವೂ ಹೇಳಲಾರದು, ಕಂಡವರು ಹೇಳಬೇಕು. ಬಿದ್ದು ಎಷ್ಟು ಹೊತ್ತಾಯಿತು? ಮೊದಲು ಎದೆ ಹಿಡಿದುಕೊಂಡರೇ, ತೊದಲಿದರೇ? ತಲೆಗೆ ಪೆಟ್ಟಾಯಿತೇ? ಸಾಕ್ಷಿ ಎಂಬ ಶಬ್ದಕ್ಕೆ ಸಾಕ್ಷಾತ್ ಕಂಡವನು, ಕಣ್ಣಾರೆ ಕಂಡವನು ಎಂದರ್ಥ. ಆ ಶಬ್ದ ಕೇಳಿದೊಡನೆ ನಮಗೆ ನೆನಪಾಗುವುದು ಕೋರ್ಟು, ಕಟಕಟೆ. ಬಿದ್ದವರಿಗೆ ಬೇಕಾದುದಾದರೋ ವೈದ್ಯನ ಮುಂದೆ ನುಡಿಯುವ ಸಾಕ್ಷಿ. ಹೂವಿನ ಹೆಂಗಸು ಕೊಟ್ಟುದು ಅಂಥ ಸಾಕ್ಷ್ಯ. ಮಾತು ನಾಲ್ಕೇ, ಆದರೆ ಚಿಕಿತ್ಸೆಯ ದಾರಿಯನ್ನು ತೋರಿಸಿದವು ಅವೇ.

ಪೋಲೀಸಿನ ಭಯಕ್ಕೂ ಈಗ ಆಧಾರವಿಲ್ಲ. ಗಾಯಾಳುವಿಗೆ ಚಿಕಿತ್ಸೆ ಮೊದಲು, ಪೋಲೀಸರ ವಿಧಿವಿಧಾನ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಸಾರಿತು. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಪೀಡಿಸಬಾರದೆಂಬ ಕೇಂದ್ರ ಸರ್ಕಾರದ ಸೂಚನೆಗಳಿಗೆ ಅದೇ ನ್ಯಾಯಾಲಯ 2016ರ ಮಾರ್ಚ್ 30ರಂದು ಕಟ್ಟುನಿಟ್ಟಿನ ಬಲವನ್ನು ಕೊಟ್ಟಿತು. ನೆರವಾದವರು ಹೆಸರು ವಿಳಾಸ ಕೊಡಲೇಬೇಕೆಂಬ ಬಲವಂತವಿಲ್ಲ; ಆಸ್ಪತ್ರೆಯವರು ಅವರನ್ನು ತಡೆದು ನಿಲ್ಲಿಸುವಂತಿಲ್ಲ, ಹಣ ಕೇಳುವಂತಿಲ್ಲ. ತುರ್ತು ಸಂದರ್ಭದಲ್ಲಿ ನೆರವಾದವರ ರಕ್ಷಣೆಗಾಗಿ ಕರ್ನಾಟಕ 2016ರಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ರಚಿಸಿತು; 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಗೀಕಾರ ದೊರೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೂ ಇಂಥದೇ ವಿಧಿ ಸೇರಿತು. ದಾರಿಹೋಕ ಗಾಯಾಳುವನ್ನು ಕಾಪಾಡಿದ ಬೈಬಲಿನ ಕಥೆಯ ಸಮಾರ್ಯದವನ ಹೆಸರಿನಲ್ಲಿ ಇವನ್ನು 'ಗುಡ್ ಸಮರಿಟನ್' ಕಾನೂನುಗಳೆನ್ನುತ್ತಾರೆ.

ಕೊನೆಯದಾಗಿ, ಫೋನು ಮಾಡುವ ಬಗೆ. 108 ಆಗಲಿ, ಪೋಲೀಸು, ಅಗ್ನಿಶಾಮಕ ಎಲ್ಲಕ್ಕೂ ಒಂದೇ ಆದ 112 ಆಗಲಿ, ಕರೆಗೆ ಹಣವಿಲ್ಲ. "ಬಿನ್ನಿಮಿಲ್ ಹತ್ತಿರ ಬನ್ನಿ" ಎಂದರೆ ಸಾಲದು. ಮಾಗಡಿ ರಸ್ತೆಯ ಕಡೆಯೋ, ಕಾಟನ್‌ಪೇಟೆಯ ಕಡೆಯೋ, ಎದುರಿಗೆ ಯಾವ ಗುಡಿ, ಯಾವ ಅಂಗಡಿ ಎಂಬುದನ್ನು ಹೇಳಬೇಕು. ಬಿದ್ದವರು ಕರೆದರೆ ಓಗೊಡುವರೇ, ಉಸಿರಾಡುತ್ತಿರುವರೇ ಎಂಬುದನ್ನು ಹೇಳಬೇಕು. ಅವರು ಇಡುವ ತನಕ ನೀವು ಫೋನು ಇಡಬಾರದು. ಒಬ್ಬರು ರಸ್ತೆಯ ತಿರುವಿಗೆ ಹೋಗಿ ಗಾಡಿಗೆ ಕೈತೋರಬೇಕು. ಉಳಿದವರು ಹಿಂದೆ ಸರಿದು ಗಾಳಿಗೂ ಗಾಡಿಗೂ ಎಡೆಮಾಡಿಕೊಡಬೇಕು.

ಇವಾವುವೂ ಕಷ್ಟದ ವಿದ್ಯೆಯಲ್ಲ. ಎದೆ ಒತ್ತುವ ಕ್ರಮವನ್ನು ಒಂದು ಮಧ್ಯಾಹ್ನದಲ್ಲಿ ಹೈಸ್ಕೂಲಿನ ಹುಡುಗರೂ ಕಲಿಯಬಲ್ಲರು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ಶಿಕ್ಷಣ ಕೊಡುತ್ತವೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬಂತಾಗದೆ, ನಿಮ್ಮ ಬೀದಿಯಲ್ಲಿ, ನಿಮ್ಮ ಕಚೇರಿಯಲ್ಲಿ, ನಿಮ್ಮ ಮಕ್ಕಳ ಶಾಲೆಯಲ್ಲಿ ನಾಲ್ಕಾರು ಮಂದಿಯಾದರೂ ಇದನ್ನು ಮೊದಲೇ ಕಲಿತಿರುವಂತೆ ನೋಡಿಕೊಳ್ಳಿ.